ಅಕ್ಕನ ವರದಿಗಳು ಊರಿಗೆಲ್ಲ ಕಂಡ ದಿನಗಳು

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಲೈಬ್ರೇರಿಯನ್. ಅಕ್ಕ ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮಕ್ಕಳಾಗಲೆಂದು ಅವಳು ಹತ್ತು ವರ್ಷ ಹಾಸನ, ಮೈಸೂರು, ಬೆಂಗಳೂರು ಎಂದು ಆಸ್ಪತ್ರೆ ಸುತ್ತಿದ್ದಳು. ಹೊಸ ಡಾಕ್ಟರು ಪ್ರತಿ ಸಲವೂ ಹಳೆಯ ವರದಿಗಳನ್ನೆಲ್ಲ ಕೇಳುತ್ತಿದ್ದರು. ಇವಳು ಒಂದಾದರೂ ಮರೆತು ಹೋಗಿರುತ್ತಿದ್ದಳು.

ನಮ್ಮ ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಮನೆಯವರು ಬೆಂಗಳೂರಿನಿಂದ ಒಂದು ಸ್ಟೋರೇಜ್ ಪೆಟ್ಟಿಗೆಯನ್ನೂ ತಂದಿದ್ದರು. ಒಳಗೊಂದು ಹಾರ್ಡ್ ಡಿಸ್ಕ್. ಮೋಡೆಮ್‌ಗೆ ಜೋಡಿಸಿದರೆ ಮನೆಯ ಎಲ್ಲ ಕಂಪ್ಯೂಟರುಗಳಿಗೂ ಸಿಗುತ್ತದೆ. ಬೇಸಿಗೆ ರಜೆಯಲ್ಲಿ ಅಕ್ಕನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಅವಳ ಹೆಸರಿನಲ್ಲಿ ಅದಕ್ಕೆ ತುಂಬಿದೆ. ಅವಳು ಹಳೇಬೀಡಿನ ಇಂಟರ್ನೆಟ್ ಅಂಗಡಿಯಿಂದಲೇ ನೋಡಿಕೊಳ್ಳಲಿ ಎಂದು ಹೊರಗಿನಿಂದ ತೆರೆಯುವ ಸೌಲಭ್ಯ ಚಾಲೂ ಮಾಡಿದೆ. ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದಳು. ಅದನ್ನೂ ತೆಗೆದೆ. ವಿಳಾಸ ಗೊತ್ತಿರುವುದು ನಮ್ಮಿಬ್ಬರಿಗೆ ತಾನೇ ಎಂದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಶಾಲೆಯ ಮೇಷ್ಟರೊಬ್ಬರು ಯಾವುದೋ ತರಬೇತಿಯ ಪಟ್ಟಿಗಾಗಿ ಇಂಟರ್ನೆಟ್ಟಿನಲ್ಲಿ ಅವಳ ಹೆಸರು ಹುಡುಕಿದರು. ಪಟ್ಟಿ ಸಿಗಲಿಲ್ಲ, ಗರ್ಭಕೋಶದ ಸ್ಕ್ಯಾನ್ ಸಿಕ್ಕಿತು. ಮರ್ಯಾದಸ್ಥರು, ಪಕ್ಕಕ್ಕೆ ಕರೆದು ಹೇಳಿದರಂತೆ. ಭಾನುವಾರ ಅಕ್ಕ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಳು.

"ನನ್ನ ಹೆಸರು ಹಾಕಿದ್ರೆ ಸಾಕಿತ್ತಾ?" ಎಂದಳು.

ಹೌದೆಂದೆ.

"ಎಷ್ಟು ಜನ ನೋಡಿರ್ಬೋದು?"

ಗೊತ್ತಿಲ್ಲ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಪೆಟ್ಟಿಗೆಯ ತಂತಿ ಕಿತ್ತೆ. ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟರು ಮನೆಗೆ ಬಂದು ನೋಡಿದರು. ಇಂಟರ್ನೆಟ್ಟಿನ ಹುಡುಕುವ ಯಂತ್ರಗಳು ಹಗಲಿರುಳೂ ಒಂದೊಂದೇ ವಿಳಾಸ ತಟ್ಟುತ್ತಿರುತ್ತವೆ, ಯಾರೂ ದಾರಿ ತೋರಿಸಬೇಕಿಲ್ಲ ಎಂದರು. ಪೆಟ್ಟಿಗೆ ಕೇಳಿದೊಡನೆ ಮೋಡೆಮ್ ತಾನಾಗಿಯೇ ಹೊರಗಿನವರಿಗೆ ದಾರಿ ಬಿಟ್ಟುಕೊಟ್ಟಿತ್ತಂತೆ. ಅದನ್ನು ಮುಚ್ಚಿದರು, ಹೊರಗಿನ ಸೌಲಭ್ಯ ತೆಗೆದರು, ಪೆಟ್ಟಿಗೆಯ ಸೆಟ್ಟಿಂಗ್ ತೆರೆಯಲು ಅದರ ಕಂಪನಿ ಕೊಟ್ಟಿದ್ದ ಹೆಸರು, ಪಾಸ್‌ವರ್ಡ್ ಬದಲಿಸಿದರು, ಹೊಸ ಸಾಫ್ಟ್‌ವೇರ್ ಹಾಕಿದರು. ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ನಾನು ಬೇಸಿಗೆಯಲ್ಲೇ ಕೊಡಬಹುದಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಅಕ್ಕ ಇಂಟರ್ನೆಟ್ ಅಂಗಡಿಯಿಂದ ಫೋನ್ ಮಾಡಿದಳು. ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಆದರೆ ಹುಡುಕಿದರೆ, ಹುಡುಕುವ ಯಂತ್ರದ ಕಂಪನಿ ಇಟ್ಟುಕೊಂಡಿದ್ದ ಹಳೆಯ ನಕಲು ಇನ್ನೂ ಕಾಣುತ್ತಿತ್ತು. ತೆಗೆಯಿರಿ ಎಂದು ಆ ಕಂಪನಿಗೆ ಬರೆದೆ, ಮತ್ತೆ ಬರೆದೆ. ಉತ್ತರವಿಲ್ಲ. ದಿನಾ ಲೈಬ್ರರಿಗೆ ಬಂದೊಡನೆ ಅಕ್ಕನ ಹೆಸರು ಟೈಪ್ ಮಾಡುವುದೇ ನನ್ನ ಮೊದಲ ಕೆಲಸವಾಯಿತು. ಒಂದು ವರದಿ ಮರೆಯಾಗಿರುತ್ತಿತ್ತು, ಮೂರು ಉಳಿದಿರುತ್ತಿದ್ದವು. ಕ್ಷಮೆ ಕೇಳುವುದಕ್ಕೂ ಸುಸ್ತಾಗತೊಡಗಿತ್ತು.

ನವರಾತ್ರಿ ರಜೆಗೆ ಹಳೇಬೀಡಿಗೆ ಹೋದೆ. ಸಂಜೆ ಇಬ್ಬರೂ ಬಸ್ತಿಹಳ್ಳಿಯ ಕಡೆ ನಡೆದೆವು. ಬಸದಿಯ ಜಗಲಿಯ ಮೇಲೆ ಕುಳಿತಾಗ ಇನ್ನೂ ಎರಡು ಕಾಣುತ್ತಿವೆ ಎಂದೆ.

"ಸ್ಟಾಫ್ ರೂಮಲ್ಲಿ ನಾನೇ ಹೇಳ್ಬಿಟ್ಟೆ ಕಣೇ," ಎಂದಳು. "ಹತ್ತು ವರ್ಷ ಟ್ರೀಟ್‌ಮೆಂಟ್ ತಗೊಂಡೆ, ಆಗ್ಲಿಲ್ಲ ಅಂತ. ಬೇರೆಯವರು ಹುಡುಕಿ ನೋಡೋದಕ್ಕಿಂತ ವಾಸಿ."

ಅವರೇನೆಂದರು ಎಂದು ಕೇಳಿದೆ. ಒಬ್ಬರು ಟೀ ತರಿಸಿದರಂತೆ, ಇನ್ನೊಬ್ಬರು ತಾವೂ ಅದೇ ಡಾಕ್ಟರ ಹತ್ತಿರ ಹೋಗಿದ್ದಾಗಿ ಹೇಳಿದರಂತೆ. ಆಮೇಲೆ ಬೆಲ್ ಆಯಿತಂತೆ.

"ಇನ್ಮೇಲೆ ಡಾಕ್ಟರ ಹತ್ರ ಹೋಗಲ್ಲ," ಎಂದಳು. "ನೀನೂ ದಿನಾ ನೋಡೋದು ಬಿಡು."

ನಾನು ಬಿಡಲಿಲ್ಲ. ಕೊನೆಯದು ಮರೆಯಾಗಲು ಇನ್ನೂ ಮೂರು ವಾರ ಹಿಡಿಯಿತು. ಅವಳಿಗೆ ಫೋನ್ ಮಾಡಿ ಹೇಳಿದೆ. ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಸರಿ ಎಂದಳು.