ನನ್ನ ತೋಳು, ಅವಳ ಉಪವಾಸ

ಸೊಲ್ಲಾಪುರದಲ್ಲಿ ನಮ್ಮದು ಚಾದರಿನ ಅಂಗಡಿ. ಅಜ್ಜ, ಅಪ್ಪ ಇಬ್ಬರೂ ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದವರು. ನಾನೊಬ್ಬ ಮಾತ್ರ ಕಡ್ಡಿ. ಚಾದರಿನ ಗಂಟಿಗೆ ಕೈ ಹಾಕಿದರೆ ಹಮಾಲರು ನಗುತ್ತಿದ್ದರು. "ಬಿಡ್ರಿ ಶೇಠ್, ಆ ಗಂಟ ನಿಮ್ಮನ್ನ ಎತ್ತೀತು" ಎಂದು ಅವರಲ್ಲೊಬ್ಬ ಅಂದದ್ದು ಎದೆಗೆ ನಾಟಿತು. ಆಗಷ್ಟೇ ಮದುವೆ ಗೊತ್ತಾಗಿತ್ತು. ಮರುದಿನವೇ ಜಿಮ್ ಸೇರಿದೆ.

ಮೊದಲ ವರ್ಷ ನಿಯತ್ತಿನಿಂದ ದುಡಿದೆ. ನಮ್ಮ ಮನೆಯಲ್ಲಿ ತತ್ತಿ ನಡೆಯುವುದಿಲ್ಲ. ಶೇಂಗಾ, ಮೊಳಕೆ ಕಾಳು, ಹಾಲು, ಇಷ್ಟರಲ್ಲೇ ತೋಳು ಎರಡು ಬೆರಳು ದಪ್ಪವಾಯಿತು. ಬುದ್ಧಿ ಇದ್ದವನಿಗೆ ಅಷ್ಟು ಸಾಕಿತ್ತು. ಆದರೆ ಕನ್ನಡಿ ಮುಂದೆ ನಿಂತವನಿಗೆ ಬುದ್ಧಿ ಎಲ್ಲಿಂದ ಬರಬೇಕು? ಜಿಮ್ಮಿನಲ್ಲಿ ಕಲಿಸುವವನು ನನ್ನ ಅವಸರ ಕಂಡುಹಿಡಿದ. "ಶೇಂಗಾ ತಿಂದು ಬಾಡಿ ಆಗಂಗಿಲ್ರಿ ಶೇಠ್. ಒಂದ ಸೈಕಲ್ ಮಾಡ್ರಿ, ಆಮ್ಯಾಲ ನೋಡ್ರಿ" ಎಂದ. ಸೈಕಲ್ ಅಂದರೆ ಹತ್ತು ಹನ್ನೆರಡು ವಾರ ಕುಂಡೆಗೆ ಸ್ಟೀರಾಯ್ಡ್ ಸೂಜಿ. ಒಂದು ಮುಗಿಸಿದೆ, ಇನ್ನೊಂದು ಮಾಡಿದೆ, ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಮೈ ಬಂತು, ಸುಳ್ಳು ಹೇಳುವುದಿಲ್ಲ. ಅಂಗಿಯ ತೋಳು ಹೊಲಿಗೆ ಬಿಟ್ಟಿತು. ಹಮಾಲರು ಗಂಟು ಕೆಳಗಿಟ್ಟು ದಾರಿ ಕೊಡತೊಡಗಿದರು. ಬೆನ್ನ ತುಂಬ ಮೊಡವೆ ಎದ್ದವು, ಅಂಗಿಯೊಳಗೆ ಯಾರಿಗೆ ಕಾಣಬೇಕು? ಸಿಟ್ಟು ಮೂಗಿನ ತುದಿಗೆ ಬಂದು ಕೂತಿತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಒಮ್ಮೆ ತಾಟನ್ನೇ ಎಸೆದೆ. ಹೆಂಡತಿ ನೆಲ ಒರೆಸಿದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಹೆಂಡತಿಯ ತಪಾಸಣೆ ಎರಡು ಸಲ ನಡೆಯಿತು, ಎರಡು ಸಲವೂ ಎಲ್ಲ ಸರಿಯಿದೆ ಎಂದರು. ಅವ್ವ ನಂಬಲಿಲ್ಲ. "ಮಷೀನಿಗೇನ ತಿಳೀತದ? ನನ್ನ ಮಗನ ಮೈ ನೋಡ್ರಿ, ಪೈಲವಾನ ಇದ್ದಂಗ ಇದ್ದಾನ. ಅವನಾಗ ಎಂಥಾ ದೋಷ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನ ತೋಳೇ ಸಾಕ್ಷಿ. ಶಿಕ್ಷೆ ಹೆಂಡತಿಗೆ: ಗುರುವಾರ ಉಪವಾಸ, ಅಕ್ಕಲಕೋಟದ ಸ್ವಾಮಿಗಳ ಗುಡಿಗೆ ಪ್ರದಕ್ಷಿಣೆ. ಪ್ರತಿ ಗುರುವಾರ ಅವ್ವ, ಹೆಂಡತಿ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ಯುವವನು ನಾನೇ. ಬಿಸಿಲಲ್ಲಿ ಅವಳು ಬರಿಗಾಲಲ್ಲಿ ಸುತ್ತುವಾಗ ನಾನು ಹೊರಗೆ ಚಹಾ ಕುಡಿಯುತ್ತ ನಿಂತಿರುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಎದೆ ಡವಡವ ಅನ್ನತೊಡಗಿ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು, ಕನ್ನಡದವರು. ಬಿ.ಪಿ. ನೋಡಿ, ತೋಳು ನೋಡಿ, "ಏನ ಚುಚ್ಚಸ್ಕೋತೀರಿ?" ಎಂದು ನೇರ ಕೇಳಿದರು. ಎಲ್ಲ ಹೇಳಿದೆ, ಮಕ್ಕಳಾಗದ್ದನ್ನೂ ಹೇಳಿದೆ. ರಕ್ತ, ವೀರ್ಯ ಎರಡೂ ತಪಾಸಣೆಗೆ ಹೋದವು. ವೀರ್ಯದಲ್ಲಿ ವೀರ್ಯಾಣು ಒಂದೂ ಇರಲಿಲ್ಲ.

"ಭಾರ ಎತ್ತೂದಂದ್ರ ಸ್ನಾಯುವಿಗಿ ನಿನ್ನ ಬಲ ಸಾಲಲ್ಲ ಅಂತ ಹೇಳೂದು, ಅಷ್ಟ" ಎಂದರು ಡಾಕ್ಟರು. "ಅದು ಬೆಳೆಯೂದು ಆಮ್ಯಾಲ. ಉಂಡ ಅನ್ನದಾಗಿಂದ ಪ್ರೋಟೀನ್ ತಗೊಂಡು, ಮಲಗಿದಾಗ, ಸಾವಕಾಶ. ನಿಮಗ ಅಷ್ಟು ತಾಳ್ಮಿ ಇರಲಿಲ್ಲ. ಗಂಡಸಿನ ಹಾರ್ಮೋನು ಮೈಯಾಗ ತಾನ ತಯಾರ ಆಗತದ. ನೀವು ಸೂಜೀಲಿಂದ ಸುರಿದ್ರಿ. ಹೊರಗಿಂದ ದಿನಾ ಊಟದ ಡಬ್ಬಿ ಬರಾಕತ್ತಿದ್ರ ಮನ್ಯಾಗ ಒಲಿ ಯಾರ ಹಚ್ಚತಾರ್ರಿ? ನಿಮ್ಮ ಒಲಿ ಆರ್ಯಾದ."

"ಮತ್ತ ಹತ್ತತದೇನ್ರಿ?"

"ಸೂಜಿ ಬಿಟ್ರ ಹತ್ತಬಹುದು. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷದ ಮ್ಯಾಲ. ಕೆಲವರಿಗೆ ಇಲ್ಲ. ಹೃದಯನೂ ಸ್ನಾಯುನ, ನೆನಪಿರಲಿ. ಅದರ ಗೋಡಿ ದಪ್ಪಾದ್ರ ಯಾರೂ ಚಪ್ಪಾಳಿ ತಟ್ಟಂಗಿಲ್ಲ."

ರಿಪೋರ್ಟನ್ನು ಅಂಗಡಿಯ ಕಪಾಟಿನಲ್ಲಿ ಚಾದರಿನ ಕೆಳಗೆ ಇಟ್ಟೆ. ಸೂಜಿ ಬಿಡಲಿಲ್ಲ. ಮೈ ಇಳಿದರೆ ಯಾಕೆ ಎಂದು ಕೇಳುತ್ತಾರೆ, ಏನು ಹೇಳಲಿ? ಅವಳಿಗೆ ನಾಳೆ ಹೇಳೋಣ ಎಂದುಕೊಂಡೆ. ನಾಳೆ ಗುರುವಾರವಾಗಿರುತ್ತಿತ್ತು, ಮತ್ತೆ ಕಾರು ತೆಗೆಯುತ್ತಿದ್ದೆ. ದಸರಾ ಹೋಯಿತು, ದೀಪಾವಳಿ ಹೋಯಿತು. ನನ್ನಂಥ ಹೇಡಿಯನ್ನು ನಾನೇ ನೋಡಿಲ್ಲ. ಒಂದು ಗುರುವಾರ ಗುಡಿಯ ಮೆಟ್ಟಿಲ ಮೇಲೆ ಅವಳು ತಲೆ ಸುತ್ತಿ ಕೂತಾಗ ಮಾತ್ರ ಹೆದರಿದೆ. ಅವತ್ತಿನಿಂದ ಸೂಜಿ ನಿಲ್ಲಿಸಿದೆ. ಆದರೂ ಬಾಯಿ ಬಿಡಲಿಲ್ಲ.

ಅದಾದ ಎರಡು ವಾರಕ್ಕೆ ಅಕ್ಕಲಕೋಟದ ಆಚೆ ಹನ್ನೂರಲ್ಲಿ ಅವ್ವನ ತಂಗಿ ಚಿಗವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾವು ಮೂವರೂ ಹೋದೆವು. ಒಬ್ಬರು ಕೂಸನ್ನು ತೊಟ್ಟಿಲ ಕೆಳಗಿನಿಂದ ಕೊಡುವುದು, ಇನ್ನೊಬ್ಬರು ಮೇಲಿನಿಂದ ತೆಗೆದುಕೊಳ್ಳುವುದು ಶಾಸ್ತ್ರ. ಒಬ್ಬಾಕೆ ಕೂಸನ್ನು ಚಾಚಿದಾಗ ನನ್ನ ಹೆಂಡತಿ ಕೈ ಮುಂದೆ ಮಾಡಿದಳು. ಚಿಗವ್ವ ನಡುವೆ ಬಂದಳು. "ನೀ ಇರಲಿ ಬಿಡವಾ. ಒಳಗ ಹುಗ್ಗಿ ತಳ ಹಿಡದೀತು, ನೋಡು ಹೋಗು." ಮಾತು ಮೆತ್ತಗಿತ್ತು. ಹೆಂಡತಿ ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕೈಗೆ ಏನೂ ಹತ್ತಿರಲಿಲ್ಲ.

ಗಂಡಸರ ಸಾಲಿನಿಂದ ಎದ್ದುಬಿಟ್ಟೆ. "ಚಿಗವ್ವಾ, ಆಕಿದೇನೂ ತಪ್ಪಿಲ್ಲ. ದೋಷ ನಂದದ. ಡಾಕ್ಟರ್ ಹೇಳ್ಯಾರ" ಎಂದೆ.

ಯಾರೋ ನಕ್ಕರು. "ಏ, ಈ ಮೈ ಇಟಗೊಂಡು ಏನ ಹೇಳ್ತೀಯೋ!" ಎಂದು ಒಬ್ಬ ಹಿರಿಯ ನನ್ನ ತೋಳು ಹಿಸುಕಿ ಎಲ್ಲರಿಗೂ ತೋರಿಸಿದ. "ಖರೇನ್ರಿ, ನಾ ಸೂಜಿ ಚುಚ್ಚಸ್ಕೊಂಡೀನಿ" ಎಂದರೆ ಇನ್ನೂ ಜೋರಾಗಿ ನಕ್ಕರು. ಚಿಗವ್ವನ ಕಣ್ಣಲ್ಲಿ ನೀರು ಬಂತು. ನನ್ನ ಹೆಂಡತಿಯ ಗದ್ದ ಹಿಡಿದು, "ಪುಣ್ಯವಂತಿ ಇದ್ದೀ ನೋಡವಾ. ಹೆಂಡತಿ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳೋ ಗಂಡ ಯಾರಿಗಿ ಸಿಗತಾನ? ಕಾಲ ತೊಳದು ನೀರ ಕುಡಿ" ಎಂದಳು.

ವಾಪಸು ಬರುವಾಗ ಕಾರು ಅಕ್ಕಲಕೋಟ ದಾಟಿತು. ಪಕ್ಕದ ಸೀಟಿನಿಂದ ಹೆಂಡತಿ ಕೇಳಿದಳು, "ಖರೇನ್ರಿ?"

"ಖರೆ. ರಿಪೋರ್ಟ್ ಅಂಗಡ್ಯಾಗದ."

"ಯಾವಾಗಿಂದ ಗೊತ್ತಿತ್ತು?"

"ಶ್ರಾವಣದಿಂದ."

ಹಿಂದಿನ ಸೀಟಿನಲ್ಲಿದ್ದ ಅವ್ವ ನಿಟ್ಟುಸಿರು ಬಿಟ್ಟಳು. "ದೇವರು ದೊಡ್ಡಾಂವ, ಯಾರೂ ನಂಬಲಿಲ್ಲ. ಇನ್ನ ಇದನ್ನ ಇಲ್ಲಿಗಿ ಬಿಡ್ರಿ" ಎಂದಳು.

ಹೆಂಡತಿ ಅವ್ವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ ಹೇಳಿದಳು: "ಇಷ್ಟ ದಿನ ನಿಮ್ಮ ದೋಷ ಹೊತ್ತೀನಿ. ಇವತ್ತಿನಿಂದ ನಿಮ್ಮ ಉಪಕಾರನೂ ನಾನ ಹೊರಬೇಕು."