ಒಂದೇ ಪಾಸ್‌ವರ್ಡ್, ಹದಿನೆಂಟು ಜನ

ಕಂಪನಿಯಲ್ಲಿ ಅವಳು ಎದುರಿಗೆ ಅಕ್ಕ, ಬೆನ್ನ ಹಿಂದೆ ಬೀಗದಕ್ಕ. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಒಂಬತ್ತು ಸರ್ವರ್ ಯಂತ್ರಗಳು ಬಿಡುವಿಲ್ಲದೆ ಗುಂಯ್‌ಗುಡುತ್ತವೆ. ಹನ್ನೊಂದು ವರ್ಷದಿಂದ ಅವನ್ನು ನೋಡಿಕೊಳ್ಳುವವಳು ಅವಳೇ. ಅಲ್ಲಿನ ಥಂಡಿಗೆ ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ.

ಸಾಫ್ಟ್‌ವೇರ್ ಬರೆಯುವ ಹದಿನೆಂಟು ಜನ ಇನ್ನು ಮನೆಯಿಂದಲೇ ಕೆಲಸ ಮಾಡಬೇಕೆಂದಾಯಿತು. ಅವರು ಹೊರಗಿನಿಂದ ಈ ಯಂತ್ರಗಳೊಳಗೆ ಬರುವ ದಾರಿ ಯಾವುದು? ಬೀಗದಕ್ಕ ಹೇಳಿದ್ದಿಷ್ಟು: ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಒಂದು ಕೀಲಿ, ಆ ಕೀಲಿಗೆ ಅವರ ಕೆಲಸದ ಯಂತ್ರವೊಂದೇ ತೆರೆಯಬೇಕು, ಒಳಬರುವ ಮುಂಚೆ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಮ್ಯಾನೇಜರ್ ಮೂಗು ಮುರಿದ. ಅವನ ದಾರಿ ಬೇರೆ. ಒಂದು ಬಾಗಿಲು, ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಳಗೆ ಬಂದವನಿಗೆ ಒಂಬತ್ತೂ ಯಂತ್ರ. ಅರ್ಧ ದಿನದಲ್ಲಿ ಆಗುತ್ತೆ ಅಂದ, ಮಾಡಿಯೂ ಮುಗಿಸಿದ.

ಏಳು ತಿಂಗಳಾದ ಮೇಲೆ ಒಂದು ಮಂಗಳವಾರ ಬಂದು ನೋಡಿದರೆ ಗಿರಾಕಿಗಳ ಕಡತವೊಂದು ಅಳಿಸಿಹೋಗಿತ್ತು. ಯಾರು ಬಂದುಹೋದರೆಂದು ದಾಖಲೆ ತೆಗೆದಳು. ಅಲ್ಲಿದ್ದದ್ದು ಎಲ್ಲರೂ ಬಳಸುವ ಆ ಒಂದೇ ಹೆಸರು. ಹದಿನೆಂಟರಲ್ಲಿ ಯಾರು ಬೇಕಾದರೂ ಆಗಿರಬಹುದು. ಈ ನಡುವೆ ನಾಲ್ವರು ಕೆಲಸ ಬಿಟ್ಟು ಅವರ ಜಾಗಕ್ಕೆ ಹೊಸಬರು ಬಂದಿದ್ದರು; ಬಿಟ್ಟುಹೋದವರ ಬಳಿಯೂ ಅದೇ ಪಾಸ್‌ವರ್ಡ್ ಇತ್ತು. ಹಲ್ಲು ಕಚ್ಚಿಕೊಂಡು ಎರಡು ದಿನ ಕೂತು, ಹಳೆಯ ಪ್ರತಿಯಿಂದ ಕಡತವನ್ನು ಮತ್ತೆ ಕೂರಿಸಿದಳು.

ಎರಡನೆಯ ದಿನದ ಸಂಜೆ ಮನೆಯಲ್ಲಿ ಅವಳು ತಿಕ್ಕುತ್ತಿದ್ದ ಪಾತ್ರೆಯ ಸದ್ದಿಗೆ ಅತ್ತೆ ಅಡುಗೆಮನೆಗೆ ಬಂದರು. "ಆ ತಟ್ಟೆ ಏನೇ ಮಾಡ್ತು ನಿಂಗೆ?"

"ತಟ್ಟೆ ಏನೂ ಮಾಡಿಲ್ಲ ಅತ್ತೆ. ಮಾಡಿದವನನ್ನ ತಿಕ್ಕೋಕಾಗಲ್ವಲ್ಲ."

ಶುಕ್ರವಾರ ಮ್ಯಾನೇಜರ್ ಒಂದು ಕಾಗದ ತಂದಿಟ್ಟ. "ಸೈನ್ ಹಾಕಮ್ಮ. ಸುಮ್ನೆ ಫೈಲಿಗೆ."

ಹೊರಗಿನಿಂದ ಒಳಬರುವ ವ್ಯವಸ್ಥೆಯ ಪೂರ್ತಿ ಹೊಣೆ ಇನ್ನು ಮುಂದೆ ಇವಳದು ಎಂದು ಅದರಲ್ಲಿತ್ತು. ಬಾಗಿಲು ಹಾರುಹೊಡೆದಿಟ್ಟವನು ಇವನು. ಇನ್ನೊಮ್ಮೆ ಏನಾದರೂ ಅಳಿಸಿಹೋದರೆ ಕೆಲಸ ಹೋಗುವುದು ಮಾತ್ರ ಅವಳದು.

"ಹಾಕದಿದ್ರೆ?"

"ಹಾಕೋರನ್ನ ಹುಡುಕಬೇಕಾಗುತ್ತೆ."

ಅವಳು ಸಾಲಿನಡಿ ಬೆರಳಿಟ್ಟು ಎರಡು ಸಲ ಓದಿದಳು. ಸೈನ್ ಹಾಕಿ, ತನಗೊಂದು ಪ್ರತಿ ತೆಗೆದಿಟ್ಟುಕೊಂಡಳು. ಮ್ಯಾನೇಜರ್ ಮೆಟ್ಟಿಲಿಳಿಯುವಷ್ಟರಲ್ಲಿ ಆ ಒಂದೇ ಬಾಗಿಲನ್ನು ಮುಚ್ಚಿಬಿಟ್ಟಳು. ಆಗ ಬೆಳಿಗ್ಗೆ ಹನ್ನೊಂದೂ ಹತ್ತು.

ಹನ್ನೊಂದೂಕಾಲಿಗೆ ಅವನು ಏದುಸಿರು ಬಿಡುತ್ತ ಮೇಲೆ ಬಂದ. "ಯಾರನ್ನ ಕೇಳಿ ಮುಚ್ಚಿದೆ?"

"ಪೂರ್ತಿ ಹೊಣೆ ನೀವೇ ಕೊಟ್ರಲ್ಲ ಸಾರ್. ಹೊಣೆ ನಂದು ಅಂದ್ಮೇಲೆ ಬಾಗಿಲೂ ನಂದೇ."

"ಹದಿನೆಂಟು ಜನ ಕೈಕಟ್ಟಿ ಕೂತಿದಾರೆ."

"ಕೂತಿರ್ಲಿ. ಒಬ್ಬೊಬ್ರಾಗಿ ಫೋನ್ ಮಾಡ್ಲಿ, ಕೀಲಿ ಕೊಡ್ತೀನಿ."

ಫೋನು ಬರುತ್ತಲೇ ಇತ್ತು. ಒಬ್ಬ ರಾಗ ಎಳೆದ: "ಅಕ್ಕಾ, ನಂಗೆ ಒಂಬತ್ತೂ ಕೊಟ್ಬಿಡಿ, ಯಾವಾಗಾದ್ರೂ ಬೇಕಾಗುತ್ತೆ."

"ಬೇಕಾದಾಗ ಕೇಳಪ್ಪ. ನಾನೆಲ್ಲೂ ಓಡಿಹೋಗಲ್ಲ."

ನಾಲ್ಕು ಗಂಟೆಗೆ ಹದಿನೆಂಟೂ ಮುಗಿದವು. ಮ್ಯಾನೇಜರ್ ಮತ್ತೆ ಬಂದು ಮೇಜಿನ ಪಕ್ಕ ನಿಂತ. "ನಂದೊಂದು ಕೀಲಿ."

"ನಿಮಗೆ ಯಾವ ಯಂತ್ರದಲ್ಲಿ ಕೆಲಸ ಸಾರ್?"

ಅವನು ಒಂಬತ್ತನ್ನೂ ಒಂದೊಂದಾಗಿ ನೋಡಿದ. ಬೀಗದಕ್ಕ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಉತ್ತರಕ್ಕೆ ಕಾದಳು.