ಕುಣಿಗಲ್‌ಗೆ ಹೋಗುವಷ್ಟರಲ್ಲಿ ವಾಲುತ್ತಿದ್ದ ಕೇಕ್

ಮೂರು ವರ್ಷದ ಹಿಂದಿನ ಮಾತು. ತುಮಕೂರಿನ ನಮ್ಮ ಅಡುಗೆಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಕೊಟ್ಟವರಿಗೆ ತಲುಪಿಸುವ ಕೆಲಸಕ್ಕೆ ಇಳಿದು ನನಗಿನ್ನೂ ವರ್ಷ ತುಂಬಿರಲಿಲ್ಲ. ಕುಣಿಗಲ್‌ನ ಪುಷ್ಪಾ ಟೀಚರ್ ಮಗಳ ಹುಟ್ಟುಹಬ್ಬಕ್ಕೆ ಎರಡಂತಸ್ತಿನ ಕೇಕ್ ಹೇಳಿದ್ದರು. ಅಲ್ಲಿ ಡಬ್ಬ ತೆರೆದಾಗ ಮೇಲಿನ ಅಂತಸ್ತು ಒಂದು ಬೆರಳಿನಷ್ಟು ಜಾರಿತ್ತು. ಹದಿನೈದು ದಿನ ಬಿಟ್ಟು ಗುಬ್ಬಿಗೆ ಒಯ್ದದ್ದೂ ಹಾಗೇ ವಾಲಿತು.

ನನ್ನ ಕೈಯ ಮೇಲೇ ನನಗೆ ಅನುಮಾನ. ಕ್ರೀಮ್ ಬದಲಿಸಿದೆ, ಅಂತಸ್ತು ಜಾರದಂತೆ ನಡುವೆ ಚುಚ್ಚುವ ಕಡ್ಡಿ ಹೆಚ್ಚಿಸಿದೆ, ಫ್ರಿಜ್ಜಿನ ಬಾಗಿಲು ಹತ್ತು ಸಲ ತೆಗೆದು ನೋಡಿದೆ. ಅಷ್ಟರಲ್ಲಿ ತಮ್ಮ ಮೈದುನನ ಎಂಗೇಜ್‌ಮೆಂಟಿಗೆಂದು ಪುಷ್ಪಾ ಟೀಚರ್ ಮತ್ತೆ ಫೋನ್ ಮಾಡಿದರು.

"ಅಕ್ಕ, ರುಚಿ ಬಗ್ಗೆ ಮಾತೇ ಇಲ್ಲ. ಆದ್ರೆ ಈ ಸಲಾನೂ ವಾಲಿದ್ರೆ ನಮ್ಮತ್ತೆ ನನ್ನ ಬಿಡಲ್ಲ ಕಣಕ್ಕ."

ಇದೂ ಕೆಟ್ಟರೆ ಓವನ್ ಮಾರಿಬಿಡುವುದೆಂದು ಒಳಗೊಳಗೇ ತೀರ್ಮಾನಿಸಿದೆ.

ಎಂಗೇಜ್‌ಮೆಂಟಿನ ಹಿಂದಿನ ದಿನ ಪರೀಕ್ಷೆಗೆಂದು ಸಣ್ಣ ಕೇಕೊಂದನ್ನು ಡಿಕ್ಕಿಯಲ್ಲಿಟ್ಟು, ಹಿಂದಿನ ಸೀಟಿನಲ್ಲಿ ಕೂತೆ. ಕಾರು ಓಡಿಸುತ್ತಿದ್ದವರು ನಮ್ಮ ಮನೆಯವರು. ಹಂಪ್ ದಾಟಿದ ಮೇಲೂ ಸೀಟು ಏಳುತ್ತ ಇಳಿಯುತ್ತ ಇತ್ತು. ಎಣಿಸಿದೆ, ನಾಲ್ಕು ಸಲ.

"ರೀ, ನಿನ್ನೆ ತೋಟದಿಂದ ಬರ್ವಾಗ ಹಿಂಗೆ ಕುಣೀತಿರ್ಲಿಲ್ವಲ್ಲ?"

"ನಿನ್ನೆ ಡಿಕ್ಕೀಲಿ ತೆಂಗಿನಕಾಯಿ ಮೂಟೆ ಇತ್ತು ಕಣೇ. ತೂಕ ಇದ್ರೆ ಗಾಡಿ ಕೂರುತ್ತೆ, ಅದಕ್ಕೇ ಯಾವಾಗ್ಲೂ ಒಂದು ಇಟ್ಟಿರ್ತೀನಿ. ಕೇಕಿನ ದಿನ ಮಾತ್ರ ಜಾಗ ಬೇಕು ಅಂತ ನೀನೇ ಇಳಿಸ್ತೀಯಲ್ಲ."

ಕಾರನ್ನು ಸೀದಾ ಗ್ಯಾರೇಜಿಗೆ ತಿರುಗಿಸಿದೆವು. ಮೆಕ್ಯಾನಿಕ್ ರಫೀಕ್ ಡಿಕ್ಕಿಯ ಮೂಲೆ ಒತ್ತಿ ಕೈಬಿಟ್ಟ. ಕಾರು ಕುಣಿಯುತ್ತಲೇ ಇತ್ತು.

"ಒತ್ತಿ ಬಿಟ್ರೆ ಗಾಡಿ ಒಂದ್ಸಲ ಎದ್ದು ನಿಂತ್ಬಿಡ್ಬೇಕು ಮೇಡಂ. ಗುಂಡಿ ಏಟು ತಗೊಳ್ಳೋದು ಸ್ಪ್ರಿಂಗ್, ಅದರ ಕುಣಿತ ನಿಲ್ಸೋದು ಶಾಕ್ ಅಬ್ಸಾರ್ಬರ್. ಇದ್ರೊಳಗಿನ ಆಯಿಲ್ಲೇ ಸೋರೋಗಿದೆ."

ಬಗ್ಗಿ ನೋಡಿದೆ. ಹಿಂಚಕ್ರಗಳ ಎರಡೂ ಶಾಕ್‌ಗಳ ಮೇಲೆ ಎಣ್ಣೆಗೆ ಧೂಳು ಮೆತ್ತಿ ಕಪ್ಪಾಗಿತ್ತು. ರಫೀಕ್ ನಮ್ಮವರ ಕಡೆ ತಿರುಗಿದ. "ಸಾರ್, ಮೂಟೆ ಹಾಕಿದ್ದು ರಿಪೇರಿ ಅಲ್ಲ, ಗಾಡಿ ಬಾಯಿ ಮುಚ್ಸಿದ್ದು. ಜೋರಾಗಿ ಬ್ರೇಕ್ ಹೊಡೆದಿದ್ರೆ ಗಾಡಿ ಹಿಡಿತ ತಪ್ಪಿ ಆಗ ಗೊತ್ತಾಗ್ತಿತ್ತು."

ಸಂಜೆಯೊಳಗೆ ಎರಡೂ ಬದಲಾದವು. ಮರುದಿನ ಕುಣಿಗಲ್ ರಸ್ತೆಯ ಒಂದೊಂದು ಹಂಪಿಗೂ ಉಸಿರು ಬಿಗಿಹಿಡಿದೆ. ಅಲ್ಲಿ ಡಬ್ಬ ತೆರೆದವರು ಪುಷ್ಪಾ ಟೀಚರ್ ಅತ್ತೆಯೇ. ತಲೆ ಓರೆ ಮಾಡಿ ಎರಡೂ ಕಡೆಯಿಂದ ನೋಡಿದರು.

"ನೆಟ್ಟಗೈತಲ್ಲ!" ಅಂದರು, ಸ್ವಲ್ಪ ನಿರಾಸೆಯಿಂದಲೇ.

ನನ್ನ ಕೈ ಕೆಟ್ಟಿತೆಂದು ಕೊರಗುವ ಮೊದಲು, ಮಾಡಿದ್ದು ಯಾವ ದಾರಿಯಲ್ಲಿ ಹೋಗುತ್ತದೆಂದು ನೋಡುವುದನ್ನು ಆ ಕೇಕ್ ಕಲಿಸಿತು. ಈಗಲೂ ಆರ್ಡರ್ ಬಂದರೆ ಮೊದಲು ಡಿಕ್ಕಿಯ ಮೂಲೆ ಒತ್ತಿ ನೋಡುತ್ತೇನೆ. ಅದಕ್ಕೂ ಮೊದಲು ಮೂಟೆ ಇಳಿಸುತ್ತೇನೆ. ನಮ್ಮವರು ಅಭ್ಯಾಸ ಬಿಟ್ಟಿಲ್ಲ.